ಸೇತುವೆಗೆ ಬೈಯುವ ಮೊದಲು...

ಮಳೆಗಾಲ ಶುರುವಾದರೆ ಸಾಕು, ನಮ್ಮೂರಿನ ಕಡೆಯಿಂದ ಬಂದು ಪೇಟೆ ಸೇರಿದವರಿಗೆಲ್ಲ ಒಂದು ಜ್ವರ ಬರುತ್ತದೆ. ಹೊಳೆಯ ಒಂದು ಫೋಟೋ, ಹೊಳೆಯಲ್ಲೊಂದು ಓಡ, ಓಡದಲ್ಲಿ ಕೊಡೆ ಹಿಡಿದು ಕೂತ ನಾಲ್ಕು ಜನ. ಕೆಳಗೆ "ಆ ದಿನಗಳು ಮತ್ತೆ ಬರಲಾರವು" ಅಂತ ಒಂದು ಸಾಲು. ಅದಕ್ಕೆ ಐವತ್ತು ಜನರ ನಿಟ್ಟುಸಿರು. ಹಾಕಿದವರು ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾರೆ, ನಿಟ್ಟುಸಿರು ಬಿಟ್ಟವರೂ ಹಾಗೆಯೇ. ಆ ಹೊಳೆಯ ದಡದಲ್ಲಿ ಇವತ್ತಿಗೂ ಮನೆ ಇರುವವರು ಮಾತ್ರ ಆ ಕಡೆ ಸುಳಿಯುವುದಿಲ್ಲ. ಅವರಿಗೆ ಬೇರೆ ಕೆಲಸ ಉಂಟು.

ನನಗೆ ಈ ನಿಟ್ಟುಸಿರಿನ ಮೇಲೆ ಸಿಟ್ಟಿದೆ. ಹಾಗೆಯೇ "ಸೇತುವೆ ಬಂತಲ್ಲ ಮಾರಾಯ, ಇನ್ನು ಹೊಳೆಯ ಕತೆ ಎಂತಕ್ಕೆ?" ಅನ್ನುವವರ ಮೇಲೂ ಅಷ್ಟೇ ಸಿಟ್ಟಿದೆ. ಒಬ್ಬರು ಹೊಳೆಯನ್ನು ಫ್ರೇಮು ಹಾಕಿ ಗೋಡೆಗೆ ನೇತುಹಾಕಿದ್ದಾರೆ, ಇನ್ನೊಬ್ಬರು ಸೇತುವೆಯ ಮೇಲಿಂದ ಕಾರಿನ ಗ್ಲಾಸು ಇಳಿಸದೆ ದಾಟುತ್ತಿದ್ದಾರೆ. ಇಬ್ಬರೂ ಸೇರಿ ಹೊಳೆಯನ್ನು ಕೈಬಿಟ್ಟಿದ್ದಾರೆ ಅನ್ನುವುದು ನನ್ನ ವಾದ. ಒಪ್ಪದವರು ಜಗಳಕ್ಕೆ ಬನ್ನಿ, ಬೇಜಾರಿಲ್ಲ :-)

ಗೊತ್ತಿಲ್ಲದವರಿಗೆ ಸ್ವಲ್ಪ ಊರಿನ ಪರಿಚಯ. ನಾನು ಪಂಜದವನು. ದಕ್ಷಿಣ ಕನ್ನಡದಲ್ಲಿ ಸುಬ್ರಹ್ಮಣ್ಯಕ್ಕೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಪೇಟೆ. ಪುಷ್ಪಗಿರಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮಾರಧಾರಾ ನದಿ ಸುಬ್ರಹ್ಮಣ್ಯದ ಸ್ನಾನಘಟ್ಟ ದಾಟಿ, ಪಂಜ, ಎಡಮಂಗಲ ಒಂದು ಕಡೆ, ಕಡಬ ಇನ್ನೊಂದು ಕಡೆ ಅಂತ ನಮ್ಮ ಸೀಮೆಯನ್ನು ಎರಡು ಹೋಳು ಮಾಡಿಕೊಂಡು ಹೋಗಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ನಕ್ಷೆಯಲ್ಲಿ ಆಚೆ ಊರು ಇಷ್ಟೇ ದೂರ, ಕೂ ಹಾಕಿದರೆ ಕೇಳುತ್ತದೆ. ಆದರೆ ರಸ್ತೆಯಲ್ಲಿ ಹೋಗುವುದಾದರೆ ಸುತ್ತಿ ಬಳಸಿ ಅರ್ಧ ದಿನ. ಅದಕ್ಕೇ ಅಲ್ಲಲ್ಲಿ ಕಡವು. ಎಡಮಂಗಲ ಮತ್ತು ಕಡಬದ ನಡುವೆ ಪಾಲೋಳಿ, ಕುದ್ಮಾರು ಮತ್ತು ಆಲಂಕಾರಿನ ನಡುವೆ ಶಾಂತಿಮೊಗರು. ನಾವು ತುಳುವಿನಲ್ಲಿ ಹೇಳುವ ಓಡ ಅಂದರೆ ದೋಣಿ. ಓಡ ನಿಲ್ಲುವ ಜಾಗ ಕಡವು.

ಈ ಕಡವಿಗೆ ಸಲ್ಲಬೇಕಾದ ಗೌರವವನ್ನು ಮೊದಲು ಕೊಟ್ಟುಬಿಡುತ್ತೇನೆ. ಹೊಳೆಯ ಮಟ್ಟಿಗೆ ಕಡವೇ ಬಸ್‌ಸ್ಟ್ಯಾಂಡು, ಕಡವೇ ಪೋಸ್ಟಾಫೀಸು, ಕಡವೇ ಪೇಪರು. ಯಾರ ಮನೆಯ ದನ ಕರು ಹಾಕಿತು, ಯಾರ ಅಡಿಕೆಗೆ ಕೊಳೆರೋಗ ಬಂತು, ಯಾವ ಹುಡುಗಿಗೆ ಯಾವ ಊರಿನಿಂದ ಸಂಬಂಧ ಬಂದಿದೆ, ಎಲ್ಲ ಆ ಹತ್ತು ನಿಮಿಷದಲ್ಲಿ ಆಚೆ ದಡ ಮುಟ್ಟುತ್ತಿತ್ತು. ಓಡ ಒಂದೇ, ಆದ್ದರಿಂದ ಎಲ್ಲರೂ ಕಾಯಲೇಬೇಕು. ಕಾಯುವವರು ಮಾತಾಡಲೇಬೇಕು. ಒಂದೇ ಕಡವಿನಲ್ಲಿ ಶಾಲೆಗೆ ದಾಟಿದವರು ಇಪ್ಪತ್ತು ವರ್ಷದ ನಂತರ ಯಾವುದೋ ಮದುವೆಯ ಊಟದಲ್ಲಿ ಸಿಕ್ಕರೆ ಮೊದಲು ಕೇಳುವುದು ಮೇಷ್ಟ್ರನ್ನಲ್ಲ, ಓಡದ ಅಜ್ಜನನ್ನು.

ಆ ಅಜ್ಜನ ವಿದ್ಯೆ ಸಣ್ಣದೇನಲ್ಲ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ನಾನು ಪೇಪರಿನ ಮೇಲೆ ಬಿಡಿಸಿದ ವೆಕ್ಟರ್ ಲೆಕ್ಕವನ್ನು ಆತ ದಿನಕ್ಕೆ ಮೂವತ್ತು ಸಲ ಬಿದಿರಿನ ಗಳದಲ್ಲಿ ಬಿಡಿಸುತ್ತಿದ್ದ. ಮಳೆಗಾಲದಲ್ಲಿ ಓಡವನ್ನು ನೇರ ಆಚೆ ದಡಕ್ಕೆ ಬಿಟ್ಟರೆ ನೀರು ಕೆಳಗೆ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಮೊದಲು ದಡದ ಬುಡದಲ್ಲೇ, ಸೆಳೆತ ಕಡಿಮೆ ಇರುವ ಕಡೆ, ಮೇಲ್ಮುಖವಾಗಿ ಗಳ ಊರುತ್ತ ಸುಮಾರು ದೂರ ಹೋಗಬೇಕು. ಆಮೇಲೆ ಮೂತಿ ಸ್ವಲ್ಪ ಮೇಲಕ್ಕೆ ತಿರುಗಿಸಿ ಹೊಳೆಯ ನಡುವಿಗೆ ಬಿಡಬೇಕು. ನೀರು ಕೆಳಗೆ ತಳ್ಳುತ್ತ ತಳ್ಳುತ್ತ ಓಡ ಸರಿಯಾಗಿ ಆಚೆ ಕಡವಿಗೇ ಹೋಗಿ ತಾಗುತ್ತದೆ. ಎಷ್ಟು ಮೇಲೆ ಹೋಗಬೇಕು ಅನ್ನುವುದು ಆ ದಿನದ ನೀರಿನ ಬಣ್ಣ ನೋಡಿ ಗೊತ್ತಾಗಬೇಕು. ಕೆಂಪು ನೀರು ಬಂದರೆ ಘಟ್ಟದಲ್ಲಿ ಮಳೆ ಸುರಿದಿದೆ ಅಂತ ಅರ್ಥ, ಇಲ್ಲಿ ಬಿಸಿಲಿದ್ದರೂ. ನೀರಿನ ಮೇಲೆ ಕಸಕಡ್ಡಿ, ಎಲೆ ತೇಲಿ ಬಂದರೆ ಹೊಳೆ ಏರುತ್ತಿದೆ ಅಂತ ಅರ್ಥ. ಗಳ ನೆಲಕ್ಕೆ ತಾಗದಿದ್ದರೆ ಹುಟ್ಟು. ಹುಟ್ಟೂ ನಡೆಯದಿದ್ದರೆ ಆ ದಿನ ಓಡವೇ ಇಲ್ಲ.

ಇಲ್ಲೇ ನನ್ನ ತಕರಾರು ಶುರುವಾಗುವುದು. "ಆ ದಿನ ಓಡವೇ ಇಲ್ಲ" ಅನ್ನುವ ಮಾತನ್ನು ನಿಟ್ಟುಸಿರಿನವರು ಯಾಕೆ ಬರೆಯುವುದಿಲ್ಲ?

ಓಡ ಇಲ್ಲದ ದಿನ ಶಾಲೆ ಇಲ್ಲ. ಹಾಲು ಡಿಪೋಗೆ ಹೋಗುವುದಿಲ್ಲ. ಕೂಲಿ ಇಲ್ಲ. ಹೆರಿಗೆ ನೋವು ಶುರುವಾದ ಹೆಂಗಸಿಗೆ ಡಾಕ್ಟ್ರು ಇಲ್ಲ. ಕುರ್ಚಿಗೆ ಬಿದಿರು ಕಟ್ಟಿ, ಕುರ್ಚಿಯಲ್ಲಿ ರೋಗಿಯನ್ನು ಕೂರಿಸಿ, ಕೆಸರಿನಲ್ಲಿ ಹೊತ್ತುಕೊಂಡು ಕಡವಿಗೆ ಬಂದು, ಅಲ್ಲಿ ನಿಂತು ನೀರು ಇಳಿಯುವುದನ್ನು ಕಾಯುವುದು ಹೇಗಿರುತ್ತದೆ ಅಂತ ನಮ್ಮ ಅಜ್ಜಿಯನ್ನು ಕೇಳಬೇಕು. ಅಜ್ಜಿಗೆ ಓಡದ ನೆನಪು ಬೇಕಾದಷ್ಟಿದೆ. ಹಂಬಲ ಮಾತ್ರ ಇಲ್ಲ. "ಸೇತುವೆ ಇನ್ನೂ ಮೊದಲೇ ಆಗಬೇಕಿತ್ತು" ಅನ್ನುವುದು ಬಿಟ್ಟರೆ ಬೇರೆ ಮಾತು ಬಂದದ್ದು ನಾನು ಕೇಳಿಲ್ಲ.

ಇನ್ನೊಂದು ಮಾತು ಬಹಳ ಓಡುತ್ತದೆ. ಓಡದಲ್ಲಿ ಜಾತಿ ಇರಲಿಲ್ಲವಂತೆ, ಬಡವ ಬಲ್ಲಿದ ಇರಲಿಲ್ಲವಂತೆ, ಎಲ್ಲರೂ ಒಂದೇ ಹಲಗೆಯಲ್ಲಂತೆ. ಹೌದು, ಹಲಗೆ ಒಂದೇ. ಆದರೆ ಹೊಳೆಯ ಅಗಲ ಎಷ್ಟು? ದಡಕ್ಕೆ ಕಾಲಿಟ್ಟ ಮೇಲೆ ಒಬ್ಬ ಜಗಲಿಯಲ್ಲಿ, ಒಬ್ಬ ಅಂಗಳದಲ್ಲಿ, ಒಬ್ಬ ಅಂಗಳದ ಆಚೆ. ನಡು ನೀರಿನಲ್ಲಿ ಎಲ್ಲರ ಜೀವವನ್ನೂ ಕೈಯಲ್ಲಿ ಹಿಡಿದಿದ್ದ ಓಡದವನಿಗೆ ಅದೇ ಪ್ರಯಾಣಿಕರ ಮನೆಯ ಊಟದ ಪಂಕ್ತಿಯಲ್ಲಿ ಎಲ್ಲಿ ಎಲೆ ಹಾಕುತ್ತಿದ್ದರು ಅಂತಲೂ ಸ್ವಲ್ಪ ನೆನಪು ಮಾಡಿಕೊಳ್ಳಿ. ಹತ್ತು ನಿಮಿಷದ ಸಮಾನತೆಯನ್ನು ಇಡೀ ಊರಿನ ಚರಿತ್ರೆ ಮಾಡಬೇಡಿ.

ಇದು ಕುಮಾರಧಾರೆಯ ಕತೆ ಮಾತ್ರ ಅಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತುಮರಿ, ಕರೂರು ಕಡೆಯವರು ಹಿನ್ನೀರಿನ ಆಚೆ ಉಳಿದುಬಿಟ್ಟರು. ನಾಡಿಗೆ ಬೆಳಕು ಕೊಟ್ಟವರಿಗೆ ಸಿಕ್ಕಿದ್ದು ಒಂದು ಲಾಂಚು. ಪ್ರವಾಸ ಹೋದ ನಮಗೆಲ್ಲ ಆ ಲಾಂಚು ಭಾರೀ ಗಮ್ಮತ್ತು! ಬಸ್ಸಿನ ಸಮೇತ ನೀರಿನ ಮೇಲೆ ಹೋಗುವುದು, ಕಡಲೆ ತಿನ್ನುವುದು, ಫೋಟೋ ಹೊಡೆಯುವುದು. ಸಂಜೆಯ ಕೊನೆ ಲಾಂಚು ಹೋದ ಮೇಲೆ ಎದೆನೋವು ಬಂದರೆ ಏನು ಮಾಡುವುದು ಅನ್ನುವ ಪ್ರಶ್ನೆ ಪ್ರವಾಸಿಗೆ ಬರುವುದಿಲ್ಲ, ಅವನು ಅಷ್ಟು ಹೊತ್ತಿಗೆ ಸಾಗರದ ಲಾಡ್ಜಿನಲ್ಲಿರುತ್ತಾನೆ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆ ಆಯಿತು. ಆಗ ಲಾಂಚಿನ ಸುಖ ಹೋಯಿತು ಅಂತ ಮರುಗಿದ ಪೇಟೆಯವರಿಗೆ ನನ್ನದು ಒಂದೇ ಪ್ರಶ್ನೆ. ನಿಮ್ಮ ಆಫೀಸಿಗೂ ಮನೆಗೂ ನಡುವೆ ಒಂದು ಲಾಂಚು ಹಾಕಿಕೊಡೋಣವೇ? ಸಿಲ್ಕ್ ಬೋರ್ಡಿನಲ್ಲಿ? ಕಾಯುವಾಗ ಪಕ್ಕದವರ ಹತ್ತಿರ ಮಾತಾಡಬಹುದು!

ಆದ್ದರಿಂದ ಸೇತುವೆಗೆ ಬೈಯುವ ಹಕ್ಕು ನಮಗಿಲ್ಲ. ಸೇತುವೆ ಬೇಕು ಅಂತ ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗಿದವರು ಓಡದಲ್ಲಿ ದಿನಾ ಕೂತವರು. ಓಡದ ಮೇಲೆ ಪದ್ಯ ಬರೆದವರು ವರ್ಷಕ್ಕೊಮ್ಮೆ ರಜೆಯಲ್ಲಿ ಕೂತವರು.

ಇಲ್ಲಿಗೆ ಸೇತುವೆ ಪಕ್ಷದವರು ಖುಷಿಯಾಗಿರಬಹುದು. ಈಗ ಅವರ ಸರದಿ.

ಸೇತುವೆ ಆಯಿತು, ಸರಿ. ಓಡ ಎಲ್ಲಿ ಹೋಯಿತು? ದಡದಲ್ಲಿ ಕವುಚಿ ಹಾಕಿದ್ದರು, ಗೇರೆಣ್ಣೆ ಬಳಿಯುವವರಿಲ್ಲದೆ ಎರಡು ಮಳೆಗೆ ಕುಂಬಾಗಿ ಸೌದೆಯಾಯಿತು. ಓಡದವರ ಮಕ್ಕಳು ಡ್ರೈವಿಂಗ್ ಕಲಿತರು, ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಈಜು ಹೋಯಿತು, ನೀರಿನ ಬಣ್ಣ ಓದುವುದು ಹೋಯಿತು, ಯಾವ ಗುಂಡಿಯ ಅಡಿಯಲ್ಲಿ ಸುಳಿ ಉಂಟು ಅನ್ನುವ ಜ್ಞಾನ ಹೋಯಿತು. ಪ್ರತಿ ಏಪ್ರಿಲ್-ಮೇ ತಿಂಗಳ ಪೇಪರು ತೆಗೆದು ನೋಡಿ. ರಜೆಯಲ್ಲಿ ನೆಂಟರ ಮನೆಗೆ ಬಂದ ಹುಡುಗರು, ಹೊಳೆಗೆ ಸ್ನಾನಕ್ಕೆ ಇಳಿದವರು, ಒಬ್ಬ ಜಾರಿದ, ಹಿಡಿಯಲು ಹೋದ ಇನ್ನೊಬ್ಬನೂ ಹೋದ. ಹೆಸರು ಬೇರೆ, ಊರು ಬೇರೆ, ಸುದ್ದಿ ಮಾತ್ರ ವರ್ಷ ವರ್ಷವೂ ಒಂದೇ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಐದು ವರ್ಷದ ಮಗು ಕ್ಲೋರಿನ್ ನೀರಿನಲ್ಲಿ ಕೋಚ್ ಇಟ್ಟುಕೊಂಡು ಈಜು ಕಲಿಯುತ್ತಿದೆ. ಕುಮಾರಧಾರೆಯಿಂದ ಕಲ್ಲೆಸೆತದ ದೂರದಲ್ಲಿರುವ ಹೈಸ್ಕೂಲ್ ಹುಡುಗನಿಗೆ ಈಜು ಬರುವುದಿಲ್ಲ. ಇದಕ್ಕಿಂತ ದೊಡ್ಡ ಅಪಹಾಸ್ಯ ಇದೆಯೇ?

ಇನ್ನು ನೆರೆ. ನಮ್ಮ ಜಿಲ್ಲೆಯ ಹಿರಿಯರ ಬಾಯಲ್ಲಿ 1923ರ ಮಾರಿ ಬೊಳ್ಳ ಇನ್ನೂ ಉಂಟು, 1974ರ ನೆರೆಯನ್ನು ಕಣ್ಣಾರೆ ಕಂಡವರೂ ಇದ್ದಾರೆ. ಆ ಕತೆಗಳಲ್ಲೆಲ್ಲ ಎಲ್ಲೋ ಒಂದು ಕಡೆ ಒಂದು ಓಡ ಬರುತ್ತದೆ, ಅಟ್ಟದಲ್ಲಿ ಕೂತವರನ್ನು ಇಳಿಸಿಕೊಂಡು ಹೋಗುತ್ತದೆ. ಉಪ್ಪಿನಂಗಡಿಯಲ್ಲಿ ಎರಡೂ ನದಿ ಏರಿ ಸಹಸ್ರಲಿಂಗೇಶ್ವರನ ಅಂಗಳದಲ್ಲಿ ಸಂಗಮವಾದರೆ ಇವತ್ತು ಸಾವಿರ ಮೊಬೈಲು ಮೇಲೇಳುತ್ತವೆ. ಅದೇ ನೀರು ತೋಟದ ನಡುವಿನ ಒಂದು ಮನೆಗೆ ಸುತ್ತು ಹಾಕಿದರೆ ಆ ಸಾವಿರ ಜನರಲ್ಲಿ ಹುಟ್ಟು ಹಿಡಿಯಬಲ್ಲವರು ಎಷ್ಟು? ತಾಲೂಕು ಕೇಂದ್ರದಿಂದ ರಬ್ಬರ್ ಬೋಟು ಬರಬೇಕು. ಅದು ಬರುವುದು ರಸ್ತೆಯಲ್ಲಿ. ರಸ್ತೆಯ ಮೇಲೆ ನೀರು! ಹೊಸ್ಮಠದ ಹಳೆಯ ಮುಳುಗು ಸೇತುವೆ ಎಷ್ಟು ಮಳೆಗಾಲ ಎಷ್ಟು ಸಲ ಮುಳುಗಿ ಕಡಬದ ದಾರಿ ಕಡಿದುಹೋಗುತ್ತಿತ್ತು ಅನ್ನುವುದನ್ನು ಅಷ್ಟು ಬೇಗ ಮರೆತಿರಾ? 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಸುಳ್ಯ-ಮಡಿಕೇರಿ ಹೆದ್ದಾರಿಯೇ ಬಂದ್ ಆಯಿತು. ನಮ್ಮ ಕಸುಬಿನಲ್ಲಿ ಒಂದೇ ಸರ್ವರ್ ಇಟ್ಟುಕೊಂಡು ಬ್ಯಾಕಪ್ ಇಲ್ಲದೆ ಕೂತವನನ್ನು ಏನಂತ ಕರೆಯುತ್ತೇವೆ ಅಂತ ನಿಮಗೆ ಗೊತ್ತು. ಸೇತುವೆ ಸರ್ವರು. ಓಡ ಬ್ಯಾಕಪ್ಪು. ಸರ್ವರು ಬಂತು ಅಂತ ಬ್ಯಾಕಪ್ಪನ್ನು ಸುಟ್ಟುಹಾಕಿದ್ದೇವೆ.

ಸರ್ಕಾರ ಏನು ಮಾಡುತ್ತಿದೆ ಅಂದಿರಾ? ಅದು ಇನ್ನೂ ಸ್ವಾರಸ್ಯ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ದೇಶದ ಒಟ್ಟು 111 ಜಲಮಾರ್ಗಗಳ ಪಟ್ಟಿ ಇದೆ. ಅದರಲ್ಲಿ 74ನೆಯದು ನಮ್ಮ ನೇತ್ರಾವತಿ! ಧರ್ಮಸ್ಥಳದಿಂದ ಬೆಂಗ್ರೆಯ ಅಳಿವೆಯವರೆಗೆ 78 ಕಿಲೋಮೀಟರ್. ಕಾನೂನಿನ ಪ್ರಕಾರ ಅದು ಹೆದ್ದಾರಿ. ಆದರೆ ಆ ಹೆದ್ದಾರಿಗೆ ಶಂಭೂರಿನಲ್ಲಿ ಅಡ್ಡಗಟ್ಟೆ, ತುಂಬೆಯಲ್ಲಿ ಅಡ್ಡಗಟ್ಟೆ. ಒಂದು ಓಡ ಮೇಲಿಂದ ಕೆಳಕ್ಕೆ ದಾಟುವ ದಾರಿ ಯಾವುದರಲ್ಲೂ ಇಲ್ಲ. ನಾನು ಅಣೆಕಟ್ಟಿನ ವಿರೋಧಿ ಅಲ್ಲ, ಮಂಗಳೂರಿಗೆ ಕುಡಿಯಲು ನೀರು ಬೇಕು, ತೋಟಕ್ಕೂ ಬೇಕು. ಆದರೆ ಕೇರಳದ ತಣ್ಣೀರ್‌ಮುಕ್ಕಂ ಅಡ್ಡಗಟ್ಟೆಯಲ್ಲಿ ದೋಣಿ ದಾಟಲು ಲಾಕ್ ಇದೆಯಲ್ಲ? ನಮ್ಮ ನದಿಗೆ ಜಲಮಾರ್ಗ ಅಂತ ನಂಬರು ಕೊಡುವಾಗ ದೋಣಿಯ ನೆನಪೇ ಆಗಲಿಲ್ಲವೇ?

ಇದೇ ನೇತ್ರಾವತಿಯಲ್ಲಿ ಒಂದು ಕಾಲಕ್ಕೆ ಮಂಗಳೂರಿನಿಂದ ಬಂಟ್ವಾಳಕ್ಕೆ ಸರಕಿನ ದೋಣಿ ಬರುತ್ತಿತ್ತು, ಬಂಟ್ವಾಳ ಪೇಟೆ ಬೆಳೆದದ್ದೇ ಆ ದಾರಿಯಿಂದ. ಮಂಗಳೂರು ಹಂಚಿನ ಕಾರ್ಖಾನೆಗಳಿಗೆ ಮಣ್ಣು ಹೋಗುತ್ತಿದ್ದದ್ದೂ ದೋಣಿಯಲ್ಲೇ. ನಮ್ಮ ಜಿಲ್ಲೆ ಮದರಾಸು ಸರ್ಕಾರದ ಕೆಳಗಿದ್ದಾಗ, 1890ರಲ್ಲೇ ಸಾರ್ವಜನಿಕ ಕಡವುಗಳಿಗೆ ಅಂತ ಕಾಯ್ದೆ ಇತ್ತು. ಬ್ರಿಟಿಷರಿಗೆ ಸುಂಕದ ಆಸೆ, ಅದು ಬೇರೆ ಮಾತು. ಆದರೂ ಕಡವು ಅನ್ನುವುದು ಊರಿನ ಸೊತ್ತು ಅನ್ನುವ ತಿಳುವಳಿಕೆ ಅದರಲ್ಲಿತ್ತು. 2021ರ ಒಳನಾಡು ಹಡಗು ಕಾಯ್ದೆ ಯಂತ್ರವಿಲ್ಲದ ಸಣ್ಣ ದೋಣಿಗಳ ನೋಂದಣಿಯನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಡಲು ದಾರಿ ಮಾಡಿದೆ. ನಮ್ಮ ಪಂಚಾಯತಿಗಳು ನೋಂದಣಿ ಮಾಡಲು ಒಂದು ಓಡವಾದರೂ ಉಳಿಯಬೇಕಲ್ಲ?

ಹಾಗಾದರೆ ದೋಣಿಯ ಹುಚ್ಚು ನಮ್ಮಲ್ಲಿ ಸತ್ತಿದೆಯೇ? ಇಲ್ಲವೇ ಇಲ್ಲ. ಬೆಂಗಳೂರಿನ ಯಾವ ಐಟಿ ಕಂಪನಿಯ ಟೀಮ್ ಔಟಿಂಗ್ ಬೇಕಾದರೂ ನೋಡಿ. ದಾಂಡೇಲಿಯಲ್ಲಿ ರಾಫ್ಟಿಂಗ್, ದುಬಾರೆಯಲ್ಲಿ ರಾಫ್ಟಿಂಗ್, ಹೊನ್ನೆಮರಡುವಿನಲ್ಲಿ ಹರಿಗೋಲು. ನಾನೂ ಹೋಗಿದ್ದೇನೆ, ಗಮ್ಮತ್ತೇ. ಅಲ್ಲಿ ಲೈಫ್ ಜಾಕೆಟ್ ಹಾಕದೆ ದೋಣಿಗೆ ಹತ್ತಿಸುವುದಿಲ್ಲ, ಅದಕ್ಕೆ ನನ್ನ ಪೂರ್ತಿ ಮೆಚ್ಚುಗೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಕಿಕ್ಕಿರಿದ ವಿಹಾರದ ದೋಣಿ ಮಗುಚಿ 22 ಜನ ಸತ್ತರು. ನಮ್ಮ ಹಳೆಯ ಕಡವುಗಳಲ್ಲಿ ಜಾಕೆಟ್ ಇರಲೇ ಇಲ್ಲ ಅನ್ನುವುದನ್ನೂ ನೆನಪಿನ ಫೋಟೋದ ಕೆಳಗೆ ಬರೆಯಬೇಕು. ಆದರೆ ಒಂದು ಶನಿವಾರ ತೆಪ್ಪ ತಳ್ಳಿ, ಸೋಮವಾರ ಮತ್ತೆ ಮಾನಿಟರಿನ ಮುಂದೆ ಕೂತು "ನದಿ ನನ್ನನ್ನು ಬದಲಿಸಿತು" ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ನಾವು ಆ ನದಿಗೆ ಏನು ಮಾಡಿದ್ದೇವೆ?

ಮಾಡಿದವರ ಒಂದು ಕತೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ರೈಲು, ಲಾರಿ ಬಂದ ಮೇಲೆ ಹಳೆಯ ಸರಕಿನ ಕಾಲುವೆಗಳು ಹೂಳು ತುಂಬಿ ಹಾಳುಬಿದ್ದಿದ್ದವು. ಟಾಮ್ ರೋಲ್ಟ್ ಅನ್ನುವ ಒಬ್ಬ ಇಂಜಿನಿಯರ್ ಕಾಲುವೆಯ ದೋಣಿಯಲ್ಲೇ ಸಂಸಾರ ಮಾಡಿಕೊಂಡಿದ್ದು, 1944ರಲ್ಲಿ 'ನ್ಯಾರೋ ಬೋಟ್' ಅಂತ ಪುಸ್ತಕ ಬರೆದ. ಅದನ್ನು ಓದಿದ ರಾಬರ್ಟ್ ಐಕ್‌ಮನ್ ಅವನನ್ನು ಹುಡುಕಿಕೊಂಡು ಬಂದ. ಅವರೆಲ್ಲ ಸೇರಿ 1946ರಲ್ಲಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಶನ್ ಕಟ್ಟಿದರು. ನಮ್ಮ ಊರಿನ ಸಂಘಗಳ ಹಾಗೆಯೇ ಅಲ್ಲೂ ಜಗಳ ಆಯಿತು, 1951ರಲ್ಲಿ ರೋಲ್ಟ್ ಹೊರಗೆ ಬಿದ್ದ. ಆದರೆ ಕೆಲಸ ನಿಲ್ಲಲಿಲ್ಲ. ಗುಮಾಸ್ತರು, ಮೇಷ್ಟ್ರುಗಳು, ನಮ್ಮಂಥ ಸಂಬಳದವರು ವಾರದ ರಜೆಯಲ್ಲಿ ಬಂದು ಮೊಣಕಾಲು ಕೆಸರಿನಲ್ಲಿ ನಿಂತು ಹೂಳು ಎತ್ತಿದರು. ಕೆನೆಟ್ ಆಂಡ್ ಏವನ್ ಅನ್ನುವ ಕಾಲುವೆ ಹಾಗೆ ದಶಕಗಟ್ಟಲೆ ದುಡಿದ ಮೇಲೆ 1990ರಲ್ಲಿ ಮತ್ತೆ ತೆರೆಯಿತು. ಒಟ್ಟಿಗೆ ಕೆಸರು ಹೊತ್ತವರ ಸ್ನೇಹ ಅದು. ಅದಕ್ಕೆ ನೆನಪಿನ ಜೊತೆ ಒಂದು ಕೆಲಸವೂ ಇತ್ತು.

ದೂರ ಯಾಕೆ, ಪಕ್ಕದ ಕೇರಳದಲ್ಲಿ ರಸ್ತೆ ಸೇತುವೆ ಎಲ್ಲ ಆಗಿಯೂ ದೋಣಿಗೇ ಒಂದು ಸರ್ಕಾರಿ ಇಲಾಖೆ 1968ರಿಂದ ಇದೆ. 2023ರಲ್ಲಿ ಕೊಚ್ಚಿಯಲ್ಲಿ ವಾಟರ್ ಮೆಟ್ರೋ ಶುರುವಾಯಿತು. ಅವರ ಹಿನ್ನೀರು ಬೇರೆ, ನಮ್ಮ ಬಂಡೆಗಲ್ಲಿನ ಹೊಳೆ ಬೇರೆ, ಗೊತ್ತು. ಕುಮಾರಧಾರೆಯಲ್ಲಿ ಮೆಟ್ರೋ ಬೇಕು ಅಂತ ನಾನು ಕೇಳುತ್ತಿಲ್ಲ. ಕೇಳುವುದು ನಾಲ್ಕೇ ನಾಲ್ಕು.

ಒಂದು, ಹಳೆಯ ಕಡವು ಇದ್ದ ಊರಿನಲ್ಲಿ ಪಂಚಾಯತಿಯದ್ದೇ ಒಂದು ಓಡ, ಹತ್ತು ಲೈಫ್ ಜಾಕೆಟ್, ತರಬೇತಾದ ಇಬ್ಬರು. ಅವರಿಗೆ ವರ್ಷವಿಡೀ ಗೌರವಧನ. ಶಾಲು ಹೊದೆಸುವ ಗೌರವ ಅಲ್ಲ, ಧನ.

ಎರಡು, ಈಜು. ಡಿಸೆಂಬರಿನ ಹೊತ್ತಿಗೆ ಕಿಂಡಿ ಅಣೆಕಟ್ಟಿಗೆ ಹಲಗೆ ಇಟ್ಟ ಮೇಲೆ ಹಿಂದೆ ನೀರು ಕೆರೆಯ ಹಾಗೆ ನಿಲ್ಲುತ್ತದೆ. ಇವತ್ತು ಅದೇ ನೀರು ಮಕ್ಕಳನ್ನು ನುಂಗುತ್ತಿದೆ. ಸೆಳೆತವಿಲ್ಲದ ಒಂದು ಮೂಲೆ ಆರಿಸಿ, ಹಗ್ಗ ಕಟ್ಟಿ, ಗೊತ್ತಿದ್ದವರ ಕಾವಲಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಈಜು ಮತ್ತು ಹುಟ್ಟು ಹಾಕುವುದನ್ನು ಅಲ್ಲೇ ಕಲಿಸಬಹುದು. ಹೆಣ್ಣುಮಕ್ಕಳಿಗೂ.

ಮೂರು, ಹೊಸದಾಗಿ ಕಟ್ಟುವ ಪ್ರತಿ ಕಿಂಡಿ ಅಣೆಕಟ್ಟಿನ ಪಕ್ಕ ಓಡ ಎಳೆದು ಆಚೆ ಇಳಿಸಲು ಒಂದು ಇಳಿಜಾರು. ಪಶ್ಚಿಮವಾಹಿನಿ ಯೋಜನೆಯಲ್ಲಿ ಸುರಿಯುವ ಕಾಂಕ್ರೀಟಿನಲ್ಲಿ ಇದು ಲೆಕ್ಕಕ್ಕೇ ಸಿಗದಷ್ಟು.

ನಾಲ್ಕನೆಯದು ನಮ್ಮ ಕೆಲಸ, ಸರ್ಕಾರದ್ದಲ್ಲ. ಹೊಳೆಯ ಪ್ರತಿ ಗುಂಡಿಗೂ, ಪ್ರತಿ ಬಂಡೆಗೂ, ಪ್ರತಿ ಕಡವಿಗೂ ಒಂದು ಹೆಸರಿದೆ. ಯಾವುದು ಆಳ, ಯಾವುದರಲ್ಲಿ ಸುಳಿ, ನೀರು ಯಾವ ಕಲ್ಲಿಗೆ ಬಂದರೆ ಯಾವ ತೋಟ ಮುಳುಗುತ್ತದೆ ಅಂತ ಬಲ್ಲ ಓಡದವರು ಇನ್ನೂ ಕೆಲವರು ಬದುಕಿದ್ದಾರೆ. ಎಲ್ಲರಿಗೂ ವಯಸ್ಸಾಗಿದೆ. ದಿನಾ ಹತ್ತು ಗಂಟೆ ಕಂಪ್ಯೂಟರಿನ ಮುಂದೆ ಕೂರುವ ನಾವು ಆ ಹೆಸರುಗಳನ್ನು ಕನ್ನಡದಲ್ಲಿ, ತುಳುವಿನಲ್ಲಿ ಓಪನ್ ಸ್ಟ್ರೀಟ್ ಮ್ಯಾಪಿಗೆ ಸೇರಿಸಲು ಯಾರ ಅನುದಾನವೂ ಬೇಡ. ಮುಂದಿನ ನೆರೆಯಲ್ಲಿ ರಬ್ಬರ್ ಬೋಟು ತರುವ ಸಿಬ್ಬಂದಿಗೆ ಆ ನಕ್ಷೆ ಒಂದು ಜೀವ ಉಳಿಸಿದರೂ ಸಾಕು.

2022ರ ಆಗಸ್ಟಿನಲ್ಲಿ ಬೈಂದೂರು ಕಡೆಯ ಕಾಲ್ತೋಡಿನಲ್ಲಿ ಶಾಲೆಯಿಂದ ಬರುತ್ತಿದ್ದ ಪುಟ್ಟ ಹುಡುಗಿ ಕಾಲುಸಂಕದಿಂದ ಜಾರಿ ಹೋದಳು. ಆ ಮಗುವಿಗೆ ಬೇಕಿದ್ದದ್ದು ಒಂದು ಸೇತುವೆ. ಅದನ್ನು ಮರೆತು ಓಡದ ಹಾಡು ಹಾಡುವುದು ಕ್ರೂರ. ಸೇತುವೆ ಆದ ಊರಿನ ಮಗು ಹೊಳೆಯಲ್ಲಿ ಮುಳುಗುವುದನ್ನು ನೋಡಿಯೂ ಹೊಳೆಗೆ ಬೆನ್ನು ಹಾಕುವುದು ಅಷ್ಟೇ ಕ್ರೂರ. ಎರಡಕ್ಕೂ ಒಟ್ಟಿಗೆ ಸಿಟ್ಟು ಬರಬೇಕಾದದ್ದು ಹೊಳೆಯ ಪ್ರೀತಿ ಇರುವವರಿಗೆ.

ಮುಂದಿನ ರಜೆಗೆ ಊರಿಗೆ ಹೋಗುವವರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ಹೊಳೆ ಯಾವುದೇ ಇರಲಿ, ಓಡ ಹಾಕುತ್ತಿದ್ದವರ ಮನೆ ಹುಡುಕಿಕೊಂಡು ಹೋಗಿ. ಫೋಟೋ ಆಮೇಲೆ. ಮೊದಲು ಐದು ಗುಂಡಿಗಳ ಹೆಸರು ಕೇಳಿ ಬರೆದುಕೊಂಡು ಬನ್ನಿ. ಕುಮಾರಧಾರೆಯದ್ದು ನಾನು ಶುರು ಮಾಡಿದ್ದೇನೆ, ಇಲ್ಲಿಯವರೆಗೆ ಹನ್ನೊಂದು ಸಿಕ್ಕಿವೆ. ಪಯಸ್ವಿನಿಯದ್ದು ಯಾರು ಮಾಡುತ್ತೀರಿ?